ಚಿಕ್ಕ ಮಗುವಿನ ಜೊತೆ ಖರ್ಚಿಲ್ಲದೆ ಆಡುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ ಪ್ರತಿಯೊಬ್ಬರೂ ತಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಬಗ್ಗೆ ಪಾಠದ ಹಾಗೆ ಬರೆಯಬೇಕು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಒಬ್ಬರು ಮಧುಗಿರಿ ಕೋಟೆ ಅಂದರು, ಇನ್ನೊಬ್ಬರು ಕಬಡ್ಡಿ ಅಂದರು, ಮತ್ತೊಬ್ಬರು ರೇಷ್ಮೆ ಹುಳು ಅಂದರು. ನನಗೆ ಏನೂ ಹೊಳೆಯಲಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ತಮ್ಮ ಗುಂಡ ಒಬ್ಬನೇ. ಹಾಗಂತ ಹೇಳಿದಾಗ ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗದೆ, "ಸರಿ, ಅದನ್ನೇ ಬರಿ. ಆದರೆ ನೀನು ಮಾಡಿ ನೋಡಿದ್ದನ್ನು ಮಾತ್ರ ಬರಿ" ಅಂದರು. ಆದ್ದರಿಂದ ಇಲ್ಲಿರುವ ಆಟಗಳನ್ನೆಲ್ಲಾ ನಾನು ಆಡಿಸಿ ನೋಡಿದ್ದೇನೆ. ಕೆಟ್ಟು ಹೋದದ್ದನ್ನೂ ಬರೆದಿದ್ದೇನೆ.

ಮೊದಲು ಇದೆಲ್ಲ ಹೇಗೆ ಶುರುವಾಯಿತು ಎಂಬುದನ್ನು ತಿಳಿಸುತ್ತೇನೆ. ಗುಂಡನನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದವರು ನಮ್ಮ ಅಜ್ಜಿ. ಶ್ರಾವಣ ಮಾಸದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅಮ್ಮ ಕಡ್ಲೆಕಾಯಿ ಹೊಲಕ್ಕೆ ಕಳೆ ತೆಗೆಯೋಕೆ ಹೋಗಲೇಬೇಕು, ಅಪ್ಪ ಗಾರೆ ಕೆಲಸಕ್ಕೆ ಹೋಗಲೇಬೇಕು. ಗುಂಡನಿಗೆ ಮೂರು ವರ್ಷ ತುಂಬಿರಲಿಲ್ಲವಾದ್ದರಿಂದ ಅಂಗನವಾಡಿಗೂ ಸೇರಿಸಿರಲಿಲ್ಲ. ಹೀಗಾಗಿ ಸೆಪ್ಟೆಂಬರ್ ತಿಂಗಳಲ್ಲಿ ನಾನು ಹನ್ನೊಂದು ದಿವಸ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಕೆಲವರು ನನಗೆ ಹುಷಾರಿಲ್ಲ ಅಂದುಕೊಂಡಿದ್ದರು. ನನಗೆ ಏನೂ ಆಗಿರಲಿಲ್ಲ, ಮನೇಲಿ ತಮ್ಮನನ್ನು ಎತ್ತಿಕೊಂಡು ಕೂತಿದ್ದೆ ಅಷ್ಟೆ.

ಮೊದಲ ವಾರ ನಾನು ಅವನನ್ನು ಆಡಿಸಲಿಲ್ಲ, ಕಾದೆ. ಆಡಿಸೋದೇ ಬೇರೆ, ಕಾಯೋದೇ ಬೇರೆ. ಅವನು ಹೊಸ್ತಿಲು ದಾಟಿದರೆ ಎಳ್ಕೊಂಡು ಬರೋದು, ಮಣ್ಣು ತಿಂದರೆ ಬಾಯಿಗೆ ಬೆರಳು ಹಾಕೋದು, ಅತ್ತರೆ ಮೊಬೈಲ್ ಕೊಡೋದು. ಆದರೆ ಮೊಬೈಲ್ ಅಪ್ಪನದು, ಬೆಳಗ್ಗೆ ಎಂಟಕ್ಕೆ ಅಪ್ಪನ ಜೊತೆ ಹೊರಟು ಹೋಗುತ್ತದೆ. ಅದು ಹೋದ ಮೇಲೆ ಗುಂಡ ನೆಲದ ಮೇಲೆ ಬಿದ್ದು ಹೊರಳಾಡಿ ಅಳುತ್ತಿದ್ದ. ಒಂದು ದಿನ ನನಗೆ ತಡೆಯಲಾಗದೆ ಬೆನ್ನಿಗೆ ಒಂದು ಬಾರಿಸಿಬಿಟ್ಟೆ. ಐದು ಬೆರಳೂ ಮೂಡಿತ್ತು. ಅಜ್ಜಿ ಮಂಚದ ಮೇಲಿಂದಲೇ ನೋಡಿ, "ಅವನಿಗೇನು ಬೇಕು ಅಂತ ನಿಂಗೆ ಗೊತ್ತಿಲ್ಲ ಮಗಾ, ಅವನಿಗೆ ಆಡೋಕೆ ನೀನು ಬೇಕು. ಇಲ್ಲಿ ಬಾ" ಅಂದರು. ಅಂದಿನಿಂದ ಅಜ್ಜಿ ಮಲಗಿದಲ್ಲಿಂದ ಹೇಳೋದು, ನಾನು ಮಾಡೋದು, ಗುಂಡ ಆಡೋದು, ಹೀಗೆ ಆಯಿತು.

ಮೊಬೈಲ್ ವಿಷಯ ಇಲ್ಲಿಗೆ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಹೇಳಿರುವ ಪ್ರಕಾರ ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟೀವಿ ತೋರಿಸಲೇಬಾರದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಕೂಡದು. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಎಲ್ಲಾ ಸೇರಿ 180 ನಿಮಿಷವಾದರೂ ಓಡಾಡಿ ಕುಣಿದಾಡಬೇಕಂತೆ. ನೂರ ಎಂಬತ್ತು ನಿಮಿಷ ಅಂದರೆ ಮೂರು ಗಂಟೆ. ಗುಂಡ ಅಷ್ಟನ್ನು ಬೆಳಗಿನ ತಿಂಡಿಗೆ ಮುಂಚೆಯೇ ಮುಗಿಸುತ್ತಾನೆ.

ಅಜ್ಜಿಯ ಕಡೆಯಿಂದ ಬಂದ ಆಟಗಳು

ನಮ್ಮ ಅಜ್ಜಿಯ ತವರು ಕೊರಟಗೆರೆ ಕಡೆ, ಜಯಮಂಗಲಿ ಹೊಳೆಯ ಹತ್ತಿರ. ಈ ಹೊಳೆ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಆಮೇಲೆ ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಅಜ್ಜಿ ಚಿಕ್ಕವರಿದ್ದಾಗ ಹೊಳೆಯಲ್ಲಿ ಬೇಕಾದಷ್ಟು ಮರಳು ಇತ್ತಂತೆ. ಒದ್ದೆ ಮರಳಿನಲ್ಲಿ ಪಾದ ಇಟ್ಟು, ಅದರ ಮೇಲೆ ಮರಳು ಸುರಿದು, ಕೈಯಿಂದ ಚೆನ್ನಾಗಿ ತಟ್ಟಿ, ಮೆಲ್ಲಗೆ ಪಾದ ಹೊರಗೆ ತೆಗೆದರೆ ಗುಬ್ಬಚ್ಚಿ ಗೂಡು ಆಗುತ್ತದೆ. ಇದು ನಿಮಗೆಲ್ಲಾ ಗೊತ್ತಿರುವುದೇ. ನಾನು ಪಕ್ಕದ ಮನೆಯವರು ಕಟ್ಟಡಕ್ಕೆ ತರಿಸಿದ್ದ ಎಂ ಸ್ಯಾಂಡ್ ರಾಶಿಯಲ್ಲಿ ಮಾಡಿದೆ. ಅದು ಪುಡಿಪುಡಿಯಾಗಿ ಬಿದ್ದು ಹೋಯಿತು. ನೀರು ಹೆಚ್ಚಿಗೆ ಹಾಕಿ ತಟ್ಟಿದ ಮೇಲೆ ನಿಂತಿತು. ಗುಂಡನಿಗೆ ಗೂಡು ಕಟ್ಟೋದಕ್ಕಿಂತ ತುಳಿದು ಬೀಳಿಸೋದೇ ಇಷ್ಟ. ಮೊದಲು ನಾನು ಬೈದೆ. ಆಮೇಲೆ, ಕಟ್ಟೋದು ನನ್ನ ಆಟ, ಬೀಳಿಸೋದು ಅವನ ಆಟ ಎಂದು ತೀರ್ಮಾನ ಮಾಡಿಕೊಂಡೆವು. ಹಾಗೆ ಮಾಡಿದ ಮೇಲೆ ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಬೆರಳಾಟಕ್ಕೆ ಏನೂ ಸಾಮಾನು ಬೇಡ. ಮಗುವಿನ ಅಂಗೈ ಹಿಡಿದು ಕಿರುಬೆರಳಿನಿಂದ ಒಂದೊಂದಕ್ಕೂ ಒಂದು ಹೆಸರು ಇಡುತ್ತಾ ಹೋಗಿ, ಕೊನೆಗೆ ಎರಡು ಬೆರಳನ್ನು ಇರುವೆ ಹಾಗೆ ತೋಳಿನ ಮೇಲೆ ನಡೆಸಿ ಕಂಕುಳಲ್ಲಿ ಕಚಗುಳಿ ಇಡುವುದು. ಅಜ್ಜಿ ಬೆರಳುಗಳಿಗೆ ಅಡುಗೆ ಹೆಸರು ಇಡುತ್ತಾರೆ. ನಾನು ನಮ್ಮ ಬಸ್ಸಿನ ಊರುಗಳ ಹೆಸರು ಇಟ್ಟೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಕಡೆಗೆ ಹೆಬ್ಬೆರಳು ತುಮಕೂರು. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಇರುವುದೂ ಈ ನಾಲ್ಕೇ ತಾಲ್ಲೂಕು, ಅದಕ್ಕೆ ನಾಲ್ಕು ಬೆರಳಿಗೆ ಸರಿಹೋಯಿತು. ಈಗ ಗುಂಡ ಯಾರಾದರೂ ನೆಂಟರು ಬಂದರೆ ಅವರ ಉಂಗುರದ ಬೆರಳು ಹಿಡಿದು "ಶಿರಾ" ಅನ್ನುತ್ತಾನೆ. ಅವರಿಗೆ ಅರ್ಥವಾಗೋದಿಲ್ಲ.

ಇದು ಸುಮ್ಮನೆ ನಗಿಸೋ ಆಟ ಅಂತ ತಿಳಿಯಬಾರದು. ಗುಂಡ ಮಾತು ಸ್ವಲ್ಪ ನಿಧಾನ. ಸೆಪ್ಟೆಂಬರ್ ಶುರುವಿನಲ್ಲಿ "ಅಕ್ಕ", "ತಾ", "ಬೇಡ", "ನೀಉ" (ನೀರು), ಇಷ್ಟರಲ್ಲೇ ದಿನ ಕಳೆಯುತ್ತಿದ್ದ. ಮಗು ಮಾತು ಕಲಿಯೋದು ಎದುರಿಗೆ ಕೂತು ಅದರ ಮುಖ ನೋಡಿ ಮಾತಾಡುವವರಿಂದ ಎಂದು ಅಂಗನವಾಡಿ ಟೀಚರ್ ಹೇಳಿದರು. ಐದು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದಲ್ಲಿ ನೂರಕ್ಕೆ ಸುಮಾರು 90 ಭಾಗ ಬೆಳೆದುಬಿಟ್ಟಿರುತ್ತದಂತೆ. ಅದನ್ನು ಕೇಳಿ ನನಗೆ ಭಯವಾಯಿತು. ಆ ಹನ್ನೊಂದು ದಿವಸದಲ್ಲಿ ಅವನ ಮಿದುಳಿಗೆ ನಾನು ಮೊದಲು ಏನು ಕೊಟ್ಟಿದ್ದೆ ಎಂದರೆ ಬೈಗುಳ ಮಾತ್ರ.

ಜೋಳದ ದಂಟಿನ ಗಾಡಿ

ಬೇಕಾಗುವ ಸಾಮಾನು: ಒಣಗಿದ ಜೋಳದ ದಂಟು ಅಥವಾ ಮುಸುಕಿನ ಜೋಳದ ದಂಟು, ಕಿತ್ತುಹೋದ ಹವಾಯಿ ಚಪ್ಪಲಿ, ಎರಡು ತೆಂಗಿನ ಕಡ್ಡಿ, ಒಂದು ಮಾರು ದಾರ. ಖರ್ಚು: ಏನೂ ಇಲ್ಲ.

ಮಾಡುವ ವಿಧಾನ: ದಂಟಿನ ಗಿಣ್ಣು ಬಿಟ್ಟು ನಡುವಿನ ತುಂಡನ್ನು ಒಂದು ಗೇಣು ಉದ್ದ ಕತ್ತರಿಸಿ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ. ಇಂಥ ಎರಡು ಬೆಂಡನ್ನು ಪಕ್ಕ ಪಕ್ಕ ಇಟ್ಟು, ಸುಲಿದ ಸಿಪ್ಪೆಯ ಚೂರುಗಳನ್ನೇ ಮೊಳೆಯ ಹಾಗೆ ಅಡ್ಡ ಚುಚ್ಚಿ ಜೋಡಿಸಿ. ಚಪ್ಪಲಿಯ ಅಟ್ಟೆಯಲ್ಲಿ ನಾಲ್ಕು ಗುಂಡನೆಯ ಚಕ್ರ ಕತ್ತರಿಸಿ. ಇದನ್ನು ದೊಡ್ಡವರ ಹತ್ತಿರ ಮಾಡಿಸಿ, ನಾನು ಅಪ್ಪನ ಹತ್ತಿರ ಮಾಡಿಸಿದೆ. ತೆಂಗಿನ ಕಡ್ಡಿಯನ್ನು ಬೆಂಡಿನ ಒಳಗೆ ಅಡ್ಡ ತೂರಿಸಿ ಎರಡು ತುದಿಗೂ ಚಕ್ರ ಹಾಕಿ, ಚಕ್ರ ಕಳಚದ ಹಾಗೆ ಹೊರಗಡೆ ಒಂದು ಚೂರು ಬೆಂಡು ಚುಚ್ಚಿ. ಮುಂದೆ ದಾರ ಕಟ್ಟಿದರೆ ಗಾಡಿ ಆಯಿತು.

ಎಚ್ಚರ: ದಂಟಿನ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಸುಲಿಯೋ ಕೆಲಸ ನಾವೇ ಮಾಡಬೇಕು, ಸುಲಿದ ಸಿಪ್ಪೆಯನ್ನು ಕೂಡಲೇ ಒಲೆಗೆ ಹಾಕಬೇಕು. ನನ್ನ ಎಡಗೈ ತೋರುಬೆರಳಲ್ಲಿ ಗಾಯದ ಗುರುತು ಇನ್ನೂ ಇದೆ. ಬಂದರೆ ತೋರಿಸುತ್ತೇನೆ.

ಮೊದಲ ಗಾಡಿ ಅರ್ಧ ದಿನ ಬಾಳಿತು. ಎರಡನೆಯದನ್ನು ಮೇಕೆ ತಿಂದಿತು. ಮೂರನೆಯದಕ್ಕೆ ಗುಂಡ ತೆಂಗಿನ ಚಿಪ್ಪು ಹೇರಿಕೊಂಡು ಅಂಗಳದ ಈ ಕಡೆಯಿಂದ ಆ ಕಡೆಗೆ ಸಂತೆಗೆ ಹೋಗುತ್ತಿದ್ದ. ಏನು ತಂದೆ ಅಂತ ಕೇಳಿದರೆ ಮೊದಲು ಸುಮ್ಮನಿರುತ್ತಿದ್ದ. ಆಮೇಲೆ "ಬೆಂಡೇಕಾಯಿ" ಅಂದ. ಅವನ ಬಾಯಲ್ಲಿ ಆ ಉದ್ದದ ಮಾತು ಬಂದದ್ದು ಅದೇ ಮೊದಲು. ಅಜ್ಜಿ ಮಂಚದ ಮೇಲೆ ಎದ್ದು ಕೂತುಬಿಟ್ಟರು!

ಅರವಿಂದ ಗುಪ್ತಾ ಎಂಬುವವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರು. ಅವರು ಬೆಂಕಿಕಡ್ಡಿ, ಸೈಕಲ್ ವಾಲ್ ಟ್ಯೂಬು, ಹಳೆ ಪೇಪರು, ಬಿಸಾಡಿದ ಬಾಟಲಿ ಇವುಗಳಿಂದ ನೂರಾರು ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದರು. ಸರ್ಕಾರ ಅವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ನಮ್ಮ ಅಪ್ಪ ಇದನ್ನು ಕೇಳಿ, "ಹಂಗಾದ್ರೆ ನಿಮ್ಮಜ್ಜಿಗೂ ಕೊಡಬೇಕು" ಅಂದರು.

ತೆಂಗಿನ ಗರಿಯಲ್ಲಿ ಪೀಪಿ, ವಾಚು, ಗಿರಗಟ್ಲೆ ಮಾಡುವುದು ನಿಮಗೆ ಗೊತ್ತಿರುವುದರಿಂದ ಬರೆಯುವುದಿಲ್ಲ. ಗಿರಗಟ್ಲೆಗೆ ಮಾತ್ರ ಜಾಲಿ ಮುಳ್ಳು ಚುಚ್ಚಬೇಡಿ, ಕಡ್ಡಿ ಹಾಕಿ.

ನನ್ನ ತಪ್ಪು

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೆಯದಿದ್ದರೆ ಉಳಿದದ್ದೆಲ್ಲಾ ಬರೆದೂ ಪ್ರಯೋಜನವಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಮಳೆ ಹಿಡಿದಿತ್ತು. ಹೊರಗೆ ಹೋಗುವ ಹಾಗಿರಲಿಲ್ಲ. ಅಟ್ಟದ ಮೇಲಿದ್ದ ಅಳಗುಳಿ ಮಣೆ ಇಳಿಸಿ, ಹುಣಸೆ ಬೀಜ ಹಾಕಿ, ಗುಂಡನನ್ನು ಎದುರಿಗೆ ಕೂರಿಸಿಕೊಂಡೆ. ಅವನಿಗೆ ಆಟ ಬರುವುದಿಲ್ಲ, ಬೀಜವನ್ನು ಒಂದು ಗುಳಿಯಿಂದ ಇನ್ನೊಂದು ಗುಳಿಗೆ ಹಾಕುತ್ತಾ ಇದ್ದ. ಬೆರಳಿಗೆ ಒಳ್ಳೆ ಕೆಲಸ ಅಂದುಕೊಂಡೆ. ಹಾಲು ಉಕ್ಕಿದ ಸದ್ದಾಯಿತು ಅಂತ ಒಳಗೆ ಹೋದೆ. ಬಂದು ನೋಡಿದರೆ ಮೂಗು ಹಿಡಿದುಕೊಂಡು ಮಿಕಿಮಿಕಿ ನೋಡುತ್ತಿದ್ದಾನೆ. ಬೀಜ ಮೂಗಿನೊಳಗೆ ಹೋಗಿತ್ತು.

ನಾನು ಏನು ಮಾಡಿದೆ ಗೊತ್ತೇ? ತಲೆಯ ಪಿನ್ನು ತೆಗೆದು ಬೀಜ ಎಬ್ಬಲು ಹೋದೆ. ಅದು ಇನ್ನೂ ಒಳಗೆ ಹೋಯಿತು. ರಕ್ತ ಬಂತು. ಅಜ್ಜಿ ಕೂಗಿಕೊಂಡರು, ಏಳಲು ಆಗಲಿಲ್ಲ. ಅವನನ್ನು ಎತ್ತಿಕೊಂಡು ಮಳೆಯಲ್ಲೇ ಹೊಲಕ್ಕೆ ಓಡಿದೆ. ಅಮ್ಮ ಕುಡುಗೋಲು ಅಲ್ಲೇ ಬಿಸಾಡಿ ಬಂದರು. ಊರಿನ ಒಬ್ಬ ಅಣ್ಣ ಬೈಕಿನಲ್ಲಿ ಮಧುಗಿರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಅಮ್ಮ ನನ್ನನ್ನು ಬೈಯಲಿಲ್ಲ, ಏನೂ ಮಾತೇ ಆಡಲಿಲ್ಲ. ಅದು ಬೈದಿದ್ದಕ್ಕಿಂತ ಕಷ್ಟವಾಗಿತ್ತು.

ಡಾಕ್ಟರು ಗುಂಡನನ್ನು ಅಮ್ಮನ ತೊಡೆ ಮೇಲೆ ಕೂರಿಸಿ, ತುದಿ ಬಗ್ಗಿದ ಸಣ್ಣ ಕಡ್ಡಿಯಿಂದ ಒಂದೇ ನಿಮಿಷದಲ್ಲಿ ಬೀಜ ತೆಗೆದರು. ಆಮೇಲೆ ನನ್ನನ್ನು ಹತ್ತಿರ ಕರೆದು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ತಮ್ಮ ತಂಗಿಯರು ಇರುವವರು ದಯವಿಟ್ಟು ನಿಂತು ಓದಿ.

ಮೂಗಿಗೆ, ಕಿವಿಗೆ ಏನಾದರೂ ಹೋದರೆ ಪಿನ್ನು, ಕಡ್ಡಿ, ಬೆರಳು ಯಾವುದನ್ನೂ ಹಾಕಬಾರದು. ನೀರನ್ನೂ ಬಿಡಬಾರದು. ಒಣ ಬೀಜ ನೀರು ಕುಡಿದರೆ ಊದಿಕೊಂಡು ಇನ್ನೂ ಬಿಗಿಯಾಗುತ್ತದೆ. ಸುಮ್ಮನೆ ಆಸ್ಪತ್ರೆಗೆ ಹೋಗಬೇಕು. ಮೂಗಿಗಿಂತ ಅಪಾಯ ಗಂಟಲು. ನಮ್ಮ ಕಡೆ ಮನೆ ತುಂಬಾ ಇರುವ ಕಡ್ಲೆಕಾಯಿ ಬೀಜವನ್ನೇ ಚಿಕ್ಕ ಮಕ್ಕಳು ನಗುತ್ತಾ, ಓಡುತ್ತಾ ತಿಂದಾಗ ಅದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಹೋಗುತ್ತದೆ. ಆದ್ದರಿಂದ ನಾಲ್ಕೈದು ವರ್ಷದ ತನಕ ಇಡೀ ಕಡ್ಲೆಬೀಜ ಕೊಡಬಾರದು, ಪುಡಿ ಮಾಡಿ ಕೊಡಬೇಕು. ಉಸಿರು ಕಟ್ಟಿ ಕೆಮ್ಮಲೂ ಆಗದೆ, ಅಳಲೂ ಆಗದೆ ಇದ್ದರೆ ಆ ಕ್ಷಣವೇ ದೊಡ್ಡವರನ್ನು ಕೂಗಿ, ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೆಯಬೇಕು, 108ಕ್ಕೆ ಫೋನು ಮಾಡಿಸಬೇಕು. ರಿಮೋಟಿನಲ್ಲಿ, ಆಟಿಕೆಯಲ್ಲಿ ಇರುವ ಗುಂಡಿಯಂಥ ಚಪ್ಪಟೆ ಶೆಲ್ಲು ನುಂಗಿದರೆ ಒಳಗೇ ಸುಡುತ್ತದೆ, ಒಂದು ಗಂಟೆಯೂ ತಡ ಮಾಡಬಾರದು.

ಅವರು ಹೇಳಿದ ಅಳತೆ ನನಗೆ ಬಹಳ ಉಪಯೋಗಕ್ಕೆ ಬಂತು. ಮಗುವಿನ ಮುಷ್ಟಿಯೊಳಗೆ ಪೂರ್ತಿ ಮುಚ್ಚಿಹೋಗುವ ಸಾಮಾನನ್ನು ಆಟಕ್ಕೆ ಕೊಡಬಾರದು. ಆವತ್ತು ಸಾಯಂಕಾಲ ಮನೆಗೆ ಬಂದು ಗುಂಡ ಮಲಗಿದ್ದಾಗ ಅವನ ಮುಷ್ಟಿಯನ್ನು ಬಿಡಿಸಿ ನೋಡಿದೆ. ಎಷ್ಟು ಚಿಕ್ಕದು ಅಂದರೆ ಒಂದು ನಿಂಬೆಹಣ್ಣು ಕೂಡ ಹಿಡಿಸುವುದಿಲ್ಲ.

ಬೀಜದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಬೇಲಿಯಲ್ಲಿ ಸಿಗುವ ಕೆಂಪು ಕಪ್ಪು ಗುಲಗಂಜಿಯನ್ನು ನಾವೆಲ್ಲಾ ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತೇವೆ. ಹಿಂದೆ ಅಕ್ಕಸಾಲಿಗರು ಅದರಲ್ಲೇ ಚಿನ್ನ ತೂಗುತ್ತಿದ್ದರು. ನೋಡಲು ಚೆಂದ, ಆದರೆ ಬಹಳ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹರಳು ಬೀಜ, ಕಾಡುಹರಳು ಬೀಜ ಇವೂ ವಿಷವೇ. ನನ್ನ ಬೆಂಕಿಪೊಟ್ಟಣದಲ್ಲಿದ್ದ ಗುಲಗಂಜಿಯನ್ನೆಲ್ಲಾ ತಿಪ್ಪೆಯ ಆಚೆ ಗುಂಡಿ ತೋಡಿ ಹೂತುಬಿಟ್ಟೆ. ಸ್ವಲ್ಪ ಬೇಜಾರಾಯಿತು, ನೂರಾ ಆರು ಇದ್ದವು.

ಆಮೇಲೆ ಆಡಿಸಿದ ಆಟಗಳು

ಬೀಜದ ಬದಲು ತೆಂಗಿನ ಚಿಪ್ಪು, ಕಾಳು ಬಿಡಿಸಿದ ಮುಸುಕಿನ ಜೋಳದ ಬೆಂಡು, ದೊಡ್ಡ ಸೀಸೆ ಮುಚ್ಚಳ ಇವನ್ನು ಇಟ್ಟೆ. ಒಂದರೊಳಗೆ ಒಂದು ಚಿಪ್ಪು ಕೂರಿಸೋದು, ಚಿಕ್ಕದು ದೊಡ್ಡದು ಬೇರೆ ಮಾಡೋದು. ಮೊದಲಿಗಿಂತ ಇದೇ ಚೆನ್ನಾಗಿತ್ತು.

ಸದ್ದಿನ ಡಬ್ಬಿ ಎಂಬುದು ನಾನೇ ಮಾಡಿದ್ದು. ಒಂದೇ ತರಹದ ಆರು ಖಾಲಿ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಎರಡಕ್ಕೆ ರಾಗಿ, ಎರಡಕ್ಕೆ ಮರಳು, ಎರಡಕ್ಕೆ ದಪ್ಪ ಕಲ್ಲು ಹಾಕಿ, ಮುಚ್ಚಳಕ್ಕೆ ಬಿಗಿಯಾಗಿ ಟೇಪು ಸುತ್ತಬೇಕು. ಅಲ್ಲಾಡಿಸಿ ಕೇಳಿ ಜೋಡಿ ಹುಡುಕೋದು ಆಟ. ನಾನು ಕಂಡುಹಿಡಿದೆ ಅಂತ ಬೀಗುತ್ತಿದ್ದೆ. ಮೇಷ್ಟ್ರು ನಕ್ಕು, ಇಟಲಿಯ ಮರಿಯಾ ಮಾಂಟೆಸರಿ ಎಂಬ ಡಾಕ್ಟರಮ್ಮ ನೂರು ವರ್ಷದ ಹಿಂದೆಯೇ ಇಂಥ ಡಬ್ಬಿಗಳನ್ನು ಬಳಸಿದ್ದರು ಎಂದು ಹೇಳಿದರು. ಅವರು 1907ರಲ್ಲಿ ರೋಮ್ ನಗರದ ಬಡ ಕೂಲಿಕಾರರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಆ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲವಂತೆ. ರೋಮಿನಲ್ಲೂ ನಮ್ಮ ಮನೆಯ ಕಥೆಯೇ! 1939ರಲ್ಲಿ ಅವರು ನಮ್ಮ ದೇಶಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು.

ನೀರಾಟ ಗುಂಡನಿಗೆ ಪ್ರಾಣ. ಅಗಲವಾದ ಬೇಸಿನ್ನಿನಲ್ಲಿ ನಾಲ್ಕು ಬೆರಳಷ್ಟು ನೀರು ಸಾಕು. ಯಾವುದು ಮುಳುಗುತ್ತೆ, ಯಾವುದು ತೇಲುತ್ತೆ ಅಂತ ಮೊದಲೇ ಹೇಳಿ ಆಮೇಲೆ ಬಿಡಬೇಕು. ಚಿಪ್ಪು ತೇಲಿತು, ಕಲ್ಲು ಮುಳುಗಿತು. ಕೆರೆ ಜೇಡಿಮಣ್ಣಿನ ಉಂಡೆ ಮುಳುಗಿತು. ಅದೇ ಉಂಡೆಯನ್ನು ತೆಗೆದು ತೆಳ್ಳಗೆ ತಟ್ಟಿ ಬಟ್ಟಲು ಮಾಡಿ ಮೆಲ್ಲಗೆ ಬಿಟ್ಟೆ, ತೇಲಿತು! ಗುಂಡನಿಗಿಂತ ನನಗೇ ಆಶ್ಚರ್ಯ. ಮಣ್ಣಿನ ತೂಕ ಅಷ್ಟೇ ಇದ್ದರೂ ಬಟ್ಟಲು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುವುದರಿಂದ ನೀರು ಅದನ್ನು ಮೇಲಕ್ಕೆ ಹೆಚ್ಚು ಬಲದಿಂದ ಎತ್ತುತ್ತದೆ. ಕಬ್ಬಿಣದ ಹಡಗು ತೇಲುವುದೂ ಹೀಗೆಯೇ. ಆಟ ಮುಗಿದ ಮೇಲೆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಬೇಸಿನ್ ಬೋರಲು ಹಾಕಿಬಿಡಬೇಕು. ಚಿಕ್ಕ ಮಗು ಒಂದು ಗೇಣು ನೀರಿನಲ್ಲೂ ಮುಳುಗಬಹುದು. ನೀರಾಟದಲ್ಲಿ ಹಾಲು ಉಕ್ಕಿದರೆ ಉಕ್ಕಲಿ, ನೀವು ಏಳಬೇಡಿ.

ಕರೆಂಟು ಹೋದಾಗ ನೆರಳಿನಾಟ. ಗೋಡೆ ಮತ್ತು ದೀಪದ ಮಧ್ಯೆ ಕೈ ಹಿಡಿದು ನಾಯಿ, ಜಿಂಕೆ, ಹಕ್ಕಿ ಮಾಡುವುದು. ಕೈಯನ್ನು ದೀಪದ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತದೆ, ಗೋಡೆಯ ಹತ್ತಿರ ಹೋದರೆ ಚಿಕ್ಕದಾಗುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠ ಇಲ್ಲೇ ಕಣ್ಣಿಗೆ ಕಾಣುತ್ತದೆ. ಪಾವಗಡದಿಂದ ಆಚೆ ಆಂಧ್ರದಲ್ಲಿ ಧರ್ಮಾವರದ ಹತ್ತಿರ ನಿಮ್ಮಲಕುಂಟೆ ಎಂಬ ಊರಿನವರು ತೊಗಲು ಗೊಂಬೆಯ ನೆರಳಿನಲ್ಲೇ ರಾಮಾಯಣ ಆಡಿಸುತ್ತಾರೆ. ನನಗೆ ನಾಯಿ ಮಾತ್ರ ಚೆನ್ನಾಗಿ ಬರುತ್ತದೆ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮಾಡಲು ಹೋದೆ, ಕೊಂಬು ಬರಲಿಲ್ಲ, ಕತ್ತೆ ಆಯಿತು.

ದಸರಾ ರಜೆಯಲ್ಲಿ ನಾಲ್ಕು ದಿನ ಪಾವಗಡ ತಾಲ್ಲೂಕಿನ ಚಿಕ್ಕಮ್ಮನ ಊರಿಗೆ ಹೋಗಿದ್ದೆವು. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಗುಂಡನಿಗೆ ಭಾಷೆ ಏನೂ ಅಡ್ಡಿಯಾಗಲಿಲ್ಲ, ಚಿಕ್ಕಮ್ಮನ ಮಗಳ ಜೊತೆ ದಿನವೆಲ್ಲಾ ಮಣ್ಣಿನಲ್ಲಿ ರೊಟ್ಟಿ ತಟ್ಟಿದ. ತಿರುಮಣಿ ಕಡೆ ಬಸ್ಸಿನಲ್ಲಿ ಹೋಗುವಾಗ ಸೋಲಾರ್ ಪಾರ್ಕು ಕಂಡಿತು. ಸುಮಾರು 13,000 ಎಕರೆ ಜಮೀನಿನಲ್ಲಿ ಹಲಗೆಗಳು, 2018ರಲ್ಲಿ ಶುರುವಾದದ್ದು. ಗುಂಡ ಕಿಟಕಿಗೆ ಮೂಗು ಒತ್ತಿ "ಕೆರೆ, ಕೆರೆ" ಅಂದ. ಅಲ್ಲಿ ನೀರಿಗೆ ಎಷ್ಟು ತಾಪತ್ರಯ ಅಂತ ಅವನಿಗೇನು ಗೊತ್ತು. ಬಸ್ಸಿನಲ್ಲಿದ್ದ ಒಬ್ಬ ತಾತ ನಕ್ಕು, "ನಿನ್ನ ಬಾಯಿಗೆ ಸಕ್ಕರೆ ಹಾಕ" ಅಂದರು. ಇದೂ ಒಂದು ಆಟವೇ: ಬಸ್ಸಿನಲ್ಲಿ ಕಂಡದ್ದಕ್ಕೆಲ್ಲಾ ಹೆಸರು ಹೇಳಿಸುವುದು. ತಪ್ಪು ಹೇಳಿದರೆ ತಿದ್ದುವ ಅವಸರ ಬೇಡ.

ಶಿರಾದ ಹತ್ತಿರದ ಸೋದರಮಾವನ ಮನೆಯಲ್ಲಿ ಕಂಬಳಿಯನ್ನು ಎರಡು ಮಂಚದ ಮೇಲೆ ಹಾಸಿ ಗುಡಾರ ಮಾಡಿದೆವು. ಒಳಗೆ ಸೆಕೆ, ಕಂಬಳಿ ಚುಚ್ಚುತ್ತದೆ, ಆದರೂ ಯಾರೂ ಹೊರಗೆ ಬರಲು ಒಪ್ಪಲಿಲ್ಲ.

ಅಂಗನವಾಡಿ

ರಜೆ ಮುಗಿಯುವ ಹೊತ್ತಿಗೆ ಅಪ್ಪ, "ಕಡ್ಲೆಕಾಯಿ ಕೀಳೋದು ಮುಗಿಯೋವರ್ಗೂ ಇನ್ನೊಂದು ತಿಂಗಳು ಮನೇಲಿರು, ಆಮೇಲೆ ಹೋದ್ರಾಯ್ತು" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಪ್ಪನದೂ ತಪ್ಪು ಅಂತ ಹೇಳಲಾರೆ. ಅಮ್ಮನ ಒಂದು ದಿನದ ಕೂಲಿ ಹೋದರೆ ಮನೆಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಗಣಿತದಲ್ಲಿ ಪೂರ್ಣಾಂಕದ ಲೆಕ್ಕ ನನಗೆ ಆಗಲೇ ತಪ್ಪಿಹೋಗಿತ್ತು. ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಬೇರೆ ಊರಿಗೆ ಹೋಗಬೇಕು. ಒಂದು ತಿಂಗಳು ಬಿಟ್ಟವರು ಆಮೇಲೆ ಬರದೇ ಹೋದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಹೆಡ್ ಮೇಷ್ಟ್ರೂ ಅಂಗನವಾಡಿ ಟೀಚರೂ ನಮ್ಮ ಮನೆಗೆ ಬಂದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಶಾಲೆಯಲ್ಲೇ ಇರಬೇಕು ಎಂಬ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ ಎಂದು ಹೆಡ್ ಮೇಷ್ಟ್ರು ಅಪ್ಪನಿಗೆ ಹೇಳಿದರು. ಅಪ್ಪ ತಲೆ ಕೆರೆದುಕೊಂಡರು. ಟೀಚರ್ ಕಾನೂನು ಹೇಳಲಿಲ್ಲ. "ನಿಮ್ಮ ಮಗನಿಗೆ ಮೂರು ತುಂಬಿತಲ್ಲ ಅಣ್ಣ, ಸೋಮವಾರದಿಂದ ಕಳಿಸಿ. ಊಟ ಅಲ್ಲೇ ಆಗುತ್ತೆ" ಅಂದರು. ಅಪ್ಪ ಒಪ್ಪಿದ್ದು ಆ ಮಾತಿಗೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿವಸ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇನ್ನೂ ಚಿಕ್ಕ ಮಕ್ಕಳಿಗಾಗಿ, ಅಂದರೆ ನರೇಗಾ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ, 4,000 ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ 2023ರಲ್ಲಿ ಹೇಳಿತು. ಸೆಪ್ಟೆಂಬರಿನಲ್ಲಿ ನಮ್ಮೂರಲ್ಲಿ ಅಂಥದ್ದೊಂದು ಇದ್ದಿದ್ದರೆ ನಾನು ಹನ್ನೊಂದು ದಿನ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಆಟ ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 31ನೇ ಕಲಮಿನಲ್ಲಿ ಇದೆಯಂತೆ. ನಮ್ಮ ದೇಶ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಹದಿನೆಂಟು ವರ್ಷದೊಳಗಿನವರೆಲ್ಲಾ ಮಕ್ಕಳೇ ಎಂದು ಅದರಲ್ಲಿ ಬರೆದಿದೆ. ಅಂದರೆ ನಾನೂ ಲೆಕ್ಕಕ್ಕೆ ಬಂದೆ.

ಗುಂಡ ಅಂಗನವಾಡಿಯಲ್ಲಿ ನಾಲ್ಕು ದಿನ ಅತ್ತ. ನನ್ನ ಲಂಗ ಹಿಡಿದು ಬಿಡುತ್ತಿರಲಿಲ್ಲ. ಐದನೇ ದಿನ ನಾನು ಸದ್ದಿನ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಟೀಚರಿಗೆ ಕೊಟ್ಟೆ. ಅವನು ಅವನ್ನು ನೋಡಿದ್ದೇ ತಡ, ಬೇರೆ ಮಕ್ಕಳ ಮಧ್ಯೆ ಕೂತು ಅಲ್ಲಾಡಿಸಿ ಜೋಡಿ ಹೇಳಿಕೊಡಲು ಶುರುಮಾಡಿದ. ನಾನು ಬರ್ತೀನಿ ಕಣೋ ಅಂದರೂ ತಿರುಗಿ ನೋಡಲಿಲ್ಲ. ಖುಷಿಯಾಗಬೇಕಿತ್ತು. ಸ್ವಲ್ಪ ಹೊಟ್ಟೆ ಉರಿಯಿತು ಅನ್ನಿ.

ಈಗ ಸಾಯಂಕಾಲ ಮಾತ್ರ ಅವನು ನನ್ನ ಪಾಲಿಗೆ. ಅಮ್ಮ ಬರುವ ತನಕ ಒಂದೂವರೆ ಗಂಟೆ. ಇರುವ ಆಟಗಳೆಲ್ಲಾ ಅವನಿಗೆ ಹಳತಾಗುತ್ತಿವೆ. ಆದ್ದರಿಂದ ಈ ಹಾಳೆಯ ಕೆಳಗೆ ಹತ್ತು ಗೆರೆ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಆಡಿಸುವ ಆಟ ಯಾವುದಾದರೂ ಇದ್ದರೆ ಅಲ್ಲಿ ಬರೆಯಿರಿ. ದುಡ್ಡು ಕೊಟ್ಟು ಕೊಳ್ಳುವ ಸಾಮಾನು ಇರಬಾರದು, ಮುಷ್ಟಿಯಲ್ಲಿ ಮುಚ್ಚಿಹೋಗುವ ಸಾಮಾನು ಇರಬಾರದು. ಪೆನ್ಸಿಲನ್ನು ದಾರ ಕಟ್ಟಿ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ, ಯಾರೂ ಕಿತ್ತುಕೊಂಡು ಹೋಗಬೇಡಿ. ಐದನೇ ತರಗತಿಯ ಒಬ್ಬಳು ಹಳೆ ಸೈಕಲ್ ಟೈರಿನಲ್ಲಿ ಏನೋ ಒಂದು ಆಟ ಹೇಳಿದ್ದಾಳೆ. ಟೈರು ಸಿಕ್ಕಿದೆ, ಇವತ್ತು ಶಾಲೆ ಬಿಟ್ಟ ಮೇಲೆ ಮಾಡಿ ನೋಡುತ್ತೇನೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ